ಕಿವಿ ಮಷಿನ್ ಕೊಟ್ಟಿರಿ, ಸೆಲ್ ಯಾರು ಕೊಡ್ತಾರ?

ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದರೊಳಗೆ ಅಪ್ಪನ ಕಿವಿ ಮಷಿನ್. ಜಗಲಿಯ ಮೇಲೆ ಇಟ್ಟದ್ದು ಭಕ್ತಿಗಲ್ಲ, ಇಲಿ ಕಚ್ಚಬಾರದೆಂದು. ಎರಡು ವರ್ಷದ ಹಿಂದೆ ಯಾರದೋ ಹುಟ್ಟುಹಬ್ಬದ ಶಿಬಿರದಲ್ಲಿ ಅದನ್ನು ಕೊಟ್ಟರು. ಶಾಲು ಹೊದಿಸಿದರು, ಫೋಟೊ ತೆಗೆದರು, ಉಪ್ಪಿಟ್ಟು ಶಿರಾ ತಿನ್ನಿಸಿ ಕಳಿಸಿದರು. ಮಷಿನ್ ಜೊತೆ ಆರು ಸೆಲ್ಲುಗಳ ಒಂದು ಪಟ್ಟಿ ಇತ್ತು. ಎರಡು ತಿಂಗಳಿಗೆ ಪಟ್ಟಿ ಮುಗಿಯಿತು. ಅಪ್ಪನ ಕಿವಿಯೂ ಅಲ್ಲಿಗೆ ಮುಗಿಯಿತು.

ನಾನು ಆಗ ಕ್ಷೇತ್ರಕಾರ್ಯದಲ್ಲಿದ್ದೆ. ಊರಿಗೆ ಬಂದು ನೋಡಿದರೆ ಅಪ್ಪ ಮೊದಲಿನ ಹಾಗೆ ಟಿವಿಯ ಮುಂದೆ, ಅದರೊಳಗಿನವರ ತುಟಿ ನೋಡುತ್ತ ಕೂತಿದ್ದ. ಸೆಲ್ ಹುಡುಕಿಕೊಂಡು ಗಂಗಾವತಿಯ ಒಂದು ವಾಚಿನ ಅಂಗಡಿಗೆ ಹೋದೆ. ಅಂಗಡಿಯವರು ಅಷ್ಟೇ ಗುಂಡನೆಯ, ಅಷ್ಟೇ ದಪ್ಪದ ಒಂದು ಸೆಲ್ ತೆಗೆದುಕೊಟ್ಟು, "ತಗೋರಿ ಅಕ್ಕಾರ, ಎಲ್ಲಾ ಒಂದ ಐತಿ" ಎಂದರು. ಹಾಕಿದರೆ ಮಷಿನ್ ಉಸಿರೆತ್ತಲಿಲ್ಲ. ಎಲ್ಲಾ ಒಂದಲ್ಲ ಎಂಬುದು ನನಗೂ ಆಮೇಲೆ ತಿಳಿಯಿತು. ಕಿವಿ ಮಷಿನ್ನಿನ ಸೆಲ್ಲಿಗೆ ಸಣ್ಣ ತೂತು ಇರುತ್ತದೆ. ಅದರ ಮೇಲೆ ಅಂಟಿಸಿದ ಬಣ್ಣದ ಚೀಟಿ ಕಿತ್ತರೆ ಗಾಳಿ ಒಳಗೆ ಹೋಗಿ, ಸತುವಿನ ಜೊತೆ ಕೂಡಿ, ವಿದ್ಯುತ್ ಹುಟ್ಟುತ್ತದೆ. ಕಿತ್ತ ಮೇಲೆ ನಾಲ್ಕೈದು ನಿಮಿಷ ಹಾಗೇ ಬಿಟ್ಟು ಹಾಕಬೇಕು. ಒಮ್ಮೆ ಚೀಟಿ ಕಿತ್ತರೆ ಮಷಿನ್ ಹಾಕಿಕೊಂಡರೂ ಸೆಲ್ ಇಳಿಯುತ್ತದೆ, ಬಿಟ್ಟರೂ ಇಳಿಯುತ್ತದೆ. ಕಿತ್ತಳೆ ಬಣ್ಣದ್ದು 13ನೇ ನಂಬರು, ನೀಲಿಯದು 675. ಇಷ್ಟನ್ನು ಶಿಬಿರದಲ್ಲಿ ಹೇಳಲು ಮೂರು ನಿಮಿಷ ಸಾಕಿತ್ತು. ಶಾಲು ಹೊದಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಅಪ್ಪ ಡಬ್ಬಿ ಮುಚ್ಚಿ, "ಇರ್ಲಿ ಬಿಡವ್ವಾ, ಇನ್ನ ನನಗೇನ್ ಕೇಳೂದೈತಿ" ಎಂದ. ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಈ ಬರಹ ಆ ಸಿಟ್ಟಿನಿಂದ ಹುಟ್ಟಿದ್ದು.

ನನ್ನ ತಕರಾರು ಇಷ್ಟೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕಿವಿ ಕೆಡಿಸಲು ವ್ಯವಸ್ಥೆ ಇದೆ. ಕೆಟ್ಟ ಕಿವಿಗೆ ಮಷಿನ್ ಹಂಚಲು ವೇದಿಕೆ ಇದೆ. ಕಿವಿಯನ್ನಾಗಲಿ ಮಷಿನನ್ನಾಗಲಿ ಕಾಯುವುದು ತನ್ನ ಕೆಲಸ ಎಂದು ಹೇಳುವವರು ಮಾತ್ರ ನನಗೆ ಸಿಕ್ಕಿಲ್ಲ. ಕೊಡುವುದನ್ನು ದಾನ ಎಂದುಕೊಂಡಿದ್ದೇವೆ. ದಾನಕ್ಕೆ ಒಂದು ದಿನ ಸಾಕು, ಕಿವಿಗೆ ವರ್ಷದ ಎಲ್ಲಾ ದಿನವೂ ಬೇಕು.

ಅಪ್ಪನಿಗೆ ವಯಸ್ಸಾಗಿ ಕಿವಿ ಹೋದದ್ದಲ್ಲ. 27 ವರ್ಷ ಅಕ್ಕಿ ಗಿರಣಿಯಲ್ಲಿ, ಪಾಲಿಶ್ ಮಷಿನ್ನಿನ ಪಕ್ಕ ನಿಂತು ದುಡಿದಿದ್ದಾನೆ. ಗಂಗಾವತಿ, ಕಾರಟಗಿಯ ಸೀಮೆಯನ್ನು ಭತ್ತದ ಕಣಜ ಎಂದು ಎಲ್ಲರೂ ಬರೆಯುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎರಡು ಬೆಳೆ, ಹಸಿರು, ಎಲ್ಲವೂ ಆ ಬರಹಗಳಲ್ಲಿ ಇರುತ್ತವೆ. ಸುಗ್ಗಿಯಲ್ಲಿ ಹಗಲೂ ರಾತ್ರಿ ತಿರುಗುವ ಗಿರಣಿಯ ಸದ್ದು ಮಾತ್ರ ಇರುವುದಿಲ್ಲ. ಗಿರಣಿಯೊಳಗೆ ಹಮಾಲರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಸಣ್ಣವಳಿದ್ದಾಗ ಬುತ್ತಿ ಕೊಡಲು ಹೋದಾಗ ಅದನ್ನು ಆಟ ಎಂದುಕೊಂಡಿದ್ದೆ. ಒಂದು ತೋಳಿನಷ್ಟು ದೂರದಲ್ಲಿ ನಿಂತವರ ಜೊತೆ ದನಿ ಏರಿಸದೆ ಮಾತಾಡಲು ಆಗದಿದ್ದರೆ ಅಲ್ಲಿನ ಸದ್ದು ಸುಮಾರು 85 ಡೆಸಿಬೆಲ್ ದಾಟಿದೆ ಎಂದು ಲೆಕ್ಕ. ಕಿವಿಗೆ ಅಪಾಯ ಶುರುವಾಗುವುದು ಅಲ್ಲಿಂದ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳು. ಭತ್ತದ ಪೈರಿನ ಮೇಲೆ ಗಾಳಿ ಬೀಸಿದರೆ ಪೈರು ಬಾಗಿ ಮತ್ತೆ ಏಳುತ್ತದಲ್ಲ, ಸದ್ದು ಬಂದಾಗ ಈ ರೋಮಗಳದ್ದೂ ಅದೇ ಕೆಲಸ. ಆದರೆ ಬಿರುಗಾಳಿಗೆ ಮಲಗಿದ ಪೈರು ಏಳುವುದಿಲ್ಲ. ಗದ್ದೆಗಾದರೆ ಮುಂದಿನ ಬೆಳೆಯಲ್ಲಿ ಹೊಸ ಪೈರು ಬರುತ್ತದೆ, ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಗದ್ದಲ ಮೊದಲು ತಿನ್ನುವುದು 4,000 ಹರ್ಟ್ಸ್ ಆಸುಪಾಸಿನ ಕೀಚಲು ಸ್ವರಗಳನ್ನು ಹಿಡಿಯುವ ಜಾಗವನ್ನು. ಸ, ಶ, ಚ, ತ ಇಂಥ ವ್ಯಂಜನಗಳ ಸ್ಪಷ್ಟತೆ ಹೋಗುತ್ತದೆ, ಅ, ಆ, ಓ ಉಳಿಯುತ್ತವೆ. ಹಾಗಾಗಿ ದನಿ ಬರುತ್ತದೆ, ಮಾತು ಬರುವುದಿಲ್ಲ. ಅಪ್ಪ ಹತ್ತು ವರ್ಷದಿಂದ ಹೇಳುತ್ತಿದ್ದದ್ದು ಇದನ್ನೇ: "ಕೇಳಸ್ತೈತಿ, ಖರೆ ತಿಳಿಯಂಗಿಲ್ಲ." ನಾವು ಅದಕ್ಕೆ, ಲಕ್ಷ್ಯ ಕೊಡುವುದಿಲ್ಲ ಎಂದು ಅವನನ್ನೇ ಬೈಯುತ್ತಿದ್ದೆವು.

ಇದಕ್ಕೆ ಕಾನೂನು ಇಲ್ಲವೆ? ಇದೆ. ಶಬ್ದದಿಂದಾಗುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಅದರ ಜಾಗಕ್ಕೆ ತಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪಟ್ಟಿಯಲ್ಲೂ ಇದೆ. ಸಿಲಿಕೋಸಿಸ್, ಸೀಸದ ವಿಷ ಇವುಗಳ ಸಾಲಿನಲ್ಲೇ ಇದೆ. ಅಪ್ಪ ದುಡಿದ 27 ವರ್ಷದಲ್ಲಿ ಒಮ್ಮೆಯೂ ಅವನ ಕಿವಿಯನ್ನು ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷೆಯೇ ಆಗದ ಕಾಯಿಲೆಯನ್ನು ವರದಿ ಮಾಡುವುದು ಹೇಗೆ? ವರದಿಯೇ ಇಲ್ಲದ ಮೇಲೆ ಕಾಯಿಲೆಯೂ ಇಲ್ಲ!

ಇನ್ನೊಂದು ಕಾನೂನು ಇನ್ನೂ ವಿಚಿತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಾದವರು ಕಿವುಡರು, 60ರಿಂದ 70ರವರೆಗಿನವರು ಮಂದಕಿವಿಯವರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶ್ರವಣದ ಕುರಿತು ಪ್ರಕಟಿಸಿದ ವರದಿ, ಚೆನ್ನಾಗಿ ಕೇಳುವ ಕಿವಿಯಲ್ಲಿ 35 ಡೆಸಿಬೆಲ್‌ಗಿಂತ ಹೆಚ್ಚು ನಷ್ಟವಾದರೆ ಅದು ಬದುಕನ್ನು ತಡೆಯುವಂಥದ್ದು, ನೆರವು ಬೇಕು ಎನ್ನುತ್ತದೆ. ಜಗತ್ತಿನಲ್ಲಿ ಅಂಥವರು ಸುಮಾರು 43 ಕೋಟಿ. ಅಪ್ಪನ ನಷ್ಟ 52. ಜಗತ್ತಿನ ಲೆಕ್ಕದಲ್ಲಿ ಅವನಿಗೆ ಕೇಳುವುದಿಲ್ಲ, ನಮ್ಮ ಕಾಯ್ದೆಯ ಲೆಕ್ಕದಲ್ಲಿ ಕೇಳುತ್ತದೆ. 35ಕ್ಕೂ 60ಕ್ಕೂ ನಡುವೆ ಬಿದ್ದವರಿಗೆ ಅಂಗವಿಕಲರ ಕಾರ್ಡಿಲ್ಲ, ಆ ಪಿಂಚಣಿಯಿಲ್ಲ. ಅವರಿಗೆ ಉಳಿಯುವುದು ಹುಟ್ಟುಹಬ್ಬದ ಶಿಬಿರ.

ಇದು ಒಂದು ಗಿರಣಿಯ ಕತೆಯಲ್ಲ. ಕೊಪ್ಪಳದ ಗಿಣಿಗೇರಾ ಸುತ್ತಿನ ಕಬ್ಬಿಣದ ಕಾರ್ಖಾನೆಗಳ ಹೊಗೆ, ಬೂದಿಯ ಬಗ್ಗೆ ಜನ ಹೋರಾಟ ಮಾಡಿದ್ದಾರೆ, ಮಾಡಲೇಬೇಕು. ಕರಿಬೂದಿ ಬೆಳೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕಾಣುತ್ತದೆ. ಸದ್ದು ಬಟ್ಟೆಗೆ ಅಂಟುವುದಿಲ್ಲ, ಹಾಗಾಗಿ ಅದು ಮನವಿಪತ್ರದಲ್ಲೂ ಇರುವುದಿಲ್ಲ. ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಕೊರೆಯುವ ನಮ್ಮ ಸಂಬಂಧಿಕ ಹುಡುಗನಿಗೆ ಇನ್ನೂ ನಲವತ್ತಾಗಿಲ್ಲ. "ರಾತ್ರಿ ಮಕ್ಕೊಂಡ್ರ ಕಿವ್ಯಾಗ ಜೀರುಂಡಿ ಕೂಗ್ತಾವಕ್ಕ" ಎನ್ನುತ್ತಾನೆ. ಆ ಜೀರುಂಡೆ ಹೊರಗಿನದಲ್ಲ. ಅದು ಒಳಗೆ ಮಲಗುತ್ತಿರುವ ಪೈರಿನ ಮೊದಲ ಸೂಚನೆ. ಕಿವಿಗೆ ಬಿರಡೆ ಹಾಕಿಕೊಳ್ಳೋ ಎಂದರೆ ನಗುತ್ತಾನೆ. ಯಂತ್ರದ ಸದ್ದು ಬದಲಾದದ್ದು ಕೇಳದಿದ್ದರೆ ಕೈ ಹೋಗುತ್ತದಂತೆ. ಅವನ ಮಾತು ಸುಳ್ಳಲ್ಲ. ಮಾಲೀಕರು ಹತ್ತು ರೂಪಾಯಿಯ ಬಿರಡೆ ಕೊಟ್ಟು ಕೈತೊಳೆದುಕೊಳ್ಳುವ ವಿಷಯ ಇದಲ್ಲ. ಸದ್ದು ಮಾಡುವ ಯಂತ್ರವನ್ನೇ ಸರಿಪಡಿಸುವುದು, ಅದರ ಹತ್ತಿರ ನಿಲ್ಲುವ ತಾಸುಗಳನ್ನು ಕಡಿಮೆ ಮಾಡುವುದು, ವರ್ಷಕ್ಕೊಮ್ಮೆ ಕಿವಿ ಪರೀಕ್ಷಿಸುವುದು ಮೊದಲು. ಬಿರಡೆ ಕೊನೆಗೆ.

ಇನ್ನು ನಾವೇ ದುಡ್ಡು ಕೊಟ್ಟು ತರಿಸುವ ಗದ್ದಲ. ಟ್ರ್ಯಾಕ್ಟರಿಗೆ ಆಳೆತ್ತರದ ಡೆಕ್ ಕಟ್ಟಿಕೊಂಡು ಹೊಲ ಹೊಡೆಯುವ ಹುಡುಗರು, ಮದುವೆಯ ಡಿಜೆ, ಗಣಪತಿಯ ಡಿಜೆ, ಪುಢಾರಿಯ ಮೆರವಣಿಗೆಯ ಡಿಜೆ. ಯಾವ ಜಾತಿಯೂ ಯಾವ ಧರ್ಮವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೊಮ್ಮೆ ಸಂಭ್ರಮಿಸಿದರೆ ಏನಾಯಿತು ಎಂದು ಕೇಳುತ್ತಾರೆ. ಊರಿಗೆ ವರ್ಷಕ್ಕೊಮ್ಮೆ ಇರಬಹುದು, ಡೆಕ್ಕಿನ ಮುಂದೆ ಕುಣಿಯುವ ಹುಡುಗರಿಗೂ ಅದರ ಗಾಡಿಯ ಮೇಲೆ ಕೂರುವ ಕೂಲಿಯವನಿಗೂ ಸೀಜನ್ ಪೂರ್ತಿ ಇರುತ್ತದೆ. ಅಪ್ಪನ ಕಿವಿ ಹೊಟ್ಟೆಪಾಡಿಗೆ ಹೋಯಿತು. ಈ ಹುಡುಗರ ಕಿವಿ ಯಾವ ಪಾಡಿಗೆ?

ಈಗ ನನ್ನ ಓದಿನ ಲೋಕಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲೂ ತಪ್ಪಿದೆ. ನನ್ನ ಸಂಶೋಧನೆ ಹೆಣ್ಣುಮಕ್ಕಳ ಬೀಸುವ ಪದ, ಸೋಬಾನೆ ಪದಗಳ ಮೇಲೆ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನೂರಾರು ಪದ ಬರುತ್ತವೆ, ಹೋಗು ಎಂದು ಎಲ್ಲರೂ ಹೇಳಿದರು. ಹೋದೆ. ಅಜ್ಜಿ ಒಬ್ಬರೇ ಕೂತು ಹಾಡಿದರು, ನಾನು ದಾಖಲಿಸಿಕೊಂಡೆ. ಆದರೆ ಸೋಬಾನೆ ಒಬ್ಬರ ಹಾಡಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು. ಮದುವೆಗೆ ಹೋಗುವುದನ್ನು ಅಜ್ಜಿ ಬಿಟ್ಟು ಆರು ವರ್ಷವಾಯಿತಂತೆ. "ಅವ್ರು ಎಲ್ಲಿಗೆ ಬಂದ್ರು ಅಂತ ತಿಳಿಯಂಗಿಲ್ಲ ನನ್ನವ್ವಾ. ನಾ ಮುಂದ ಹೋದ್ರ ನಗತಾರ." ಸಣ್ಣಂದಿನಿಂದ ಕಿವಿ ಸೋರುತ್ತಿತ್ತು. ಬಿಸಿ ಎಣ್ಣೆ ಬಿಟ್ಟರು, ಸೊಪ್ಪಿನ ರಸ ಬಿಟ್ಟರು. ತಮಟೆಯಲ್ಲಿ ತೂತು ಇದ್ದ ಕಿವಿಗೆ ಎಣ್ಣೆ ಬಿಡುವುದೆಂದರೆ ಸೋಂಕನ್ನು ಒಳಗೆ ಕರೆದಂತೆ ಎಂದು ಆಕೆಗೆ ಹೇಳಿದವರಿಲ್ಲ.

ಅಜ್ಜಿಗೂ ಒಂದು ಮಷಿನ್ ಸಿಕ್ಕಿದೆ. ಕುಪ್ಪಸಕ್ಕೆ ಸಿಗಿಸಿಕೊಳ್ಳುವ, ಉದ್ದ ವೈರಿನದು. ಅದಕ್ಕೆ ಪೆನ್ಸಿಲ್ ಸೆಲ್. ಮೊಮ್ಮಗ ಸೆಲ್ ತೆಗೆದು ಟಿವಿ ರಿಮೋಟಿಗೆ ಹಾಕಿಕೊಂಡಿದ್ದಾನೆ. ಸೊಸೆಗೆ ಕೇಳಿದರೆ, "ಹಾಕ್ಕೊಂಡ್ರ ಕುಂಯ್ ಅಂತೈತ್ರಿ, ಅತ್ತಿನ ಬ್ಯಾಡ ಅಂತಾರ" ಎಂದಳು. ಕುಂಯ್ ಎನ್ನುವುದು ಮಷಿನ್ನಿನ ತಪ್ಪಲ್ಲ. ಕಿವಿಯ ಅಚ್ಚು ಸರಿಯಾಗಿ ಕೂರದಿದ್ದರೆ, ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ, ಹೊರಬಂದ ಸದ್ದು ಮತ್ತೆ ಮೈಕಿಗೆ ಸೇರಿ ಹಾಗೆ ಕೂಗುತ್ತದೆ. ಅಚ್ಚನ್ನು ಒಬ್ಬೊಬ್ಬರ ಕಿವಿಯ ಅಳತೆ ತೆಗೆದು ಮಾಡಬೇಕು. ಚಪ್ಪಲಿ ಕೊಳ್ಳುವಾಗ ನಂಬರು ನೋಡುವ ನಾವು ಕಿವಿಗೆ ಮಾತ್ರ ಸಿಕ್ಕಿದ್ದನ್ನು ತುರುಕುತ್ತೇವೆ.

ಜನಪದ ಹಾಡು ಬಾಯಿಂದ ಬಾಯಿಗೆ ಬಂದದ್ದು ಎಂದು ನಮ್ಮ ಎಲ್ಲಾ ಪ್ರಬಂಧಗಳ ಮೊದಲ ಪುಟದಲ್ಲಿ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಹಾಡು ಹೋಗುವುದು ಬಾಯಿಂದ ಕಿವಿಗೆ. ಮೌಖಿಕ ಪರಂಪರೆ ಎಂದು ಬಾಯಿಯ ಹೆಸರಿಟ್ಟು, ಅದನ್ನು ಕಾದಿಟ್ಟ ಕಿವಿಯನ್ನು ಮರೆತೆವು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ಊರುಗಳಲ್ಲಿ ಕೊಪಣವೂ ಒಂದು ಎಂದು ವೇದಿಕೆಯಲ್ಲಿ ಎದೆಯುಬ್ಬಿಸುತ್ತೇವೆ. ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಸಂಭ್ರಮಿಸಿದೆವು. ಕೇಳಿ ಕಲಿತ ಇಂಥ ವಿದ್ಯೆ ಮುಂದಿನವರಿಗೆ ಹೋಗಬೇಕಾದರೆ ಕಲಿಸುವವರಿಗೂ ಕಲಿಯುವವರಿಗೂ ಕಿವಿ ಇರಬೇಕು ಎಂಬ ಸಾದಾ ಮಾತು ಯಾವ ವಿಚಾರ ಸಂಕಿರಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ.

ಬದಲಿಗೆ ನಮಗೆ ಕಿವುಡು ಒಂದು ಬೈಗುಳ, ಇಲ್ಲವೆ ರೂಪಕ. ಸರ್ಕಾರ ಕಿವುಡಾಗಿದೆ, ಸಮಾಜ ಕಿವುಡಾಗಿದೆ, ಅಧಿಕಾರಿಗಳ ಜಾಣಕಿವುಡು. ಕಂಪನಿ ನಾಟಕದ ಹಾಸ್ಯಕ್ಕೆ ಒಬ್ಬ ಕೆಪ್ಪ ಬೇಕೇ ಬೇಕು. ಕೇಳದವರ ಜೊತೆ ಬದುಕಿದವಳಾಗಿ ಹೇಳುತ್ತೇನೆ, ಅವರಷ್ಟು ಕಷ್ಟಪಟ್ಟು ಕೇಳುವವರು ಇನ್ನೊಬ್ಬರಿಲ್ಲ. ಅಪ್ಪ ಎದುರಿನವರ ತುಟಿ, ಹುಬ್ಬು, ಕೈ ಎಲ್ಲವನ್ನೂ ನೋಡಿ ಒಂದು ವಾಕ್ಯ ಕಟ್ಟಿಕೊಳ್ಳುತ್ತಾನೆ. ಸಂಜೆಯಾದರೆ ದಣಿದುಹೋಗುತ್ತಾನೆ. ಸರ್ಕಾರ ಅಷ್ಟು ದಣಿದು ಯಾರ ಮಾತು ಕೇಳಿದೆ? ಕೇಳಿಸಿಕೊಳ್ಳದ ಸರ್ಕಾರಕ್ಕೆ ಬೇರೆ ಹೆಸರಿಡಿ, ನಮ್ಮಪ್ಪನ ಹೆಸರಿಡಬೇಡಿ.

ಇಷ್ಟು ಹೇಳಿದರೆ ಶಿಬಿರ ಮಾಡುವವರು ಒಂದು ಮಾತು ಹೇಳುತ್ತಾರೆ: "ಕೊಟ್ರೂ ಜನ ಹಾಕ್ಕೊಳ್ಳಂಗಿಲ್ರೀ." ಹಾಕಿಕೊಳ್ಳುವುದಿಲ್ಲ, ನಿಜ. ಯಾಕೆ ಎಂದು ಕೇಳಿದ್ದೀರಾ? ಕನ್ನಡಕ ಹಾಕಿದ ತಕ್ಷಣ ಕಾಣುತ್ತದೆ, ಕಿವಿ ಮಷಿನ್ ಹಾಗಲ್ಲ. ವರ್ಷಗಟ್ಟಲೆ ಸದ್ದು ಮರೆತ ಮಿದುಳಿಗೆ ಅದು ಮತ್ತೆ ಅಭ್ಯಾಸವಾಗಲು ವಾರಗಳು ಬೇಕು. ಮೊದಲು ಮನೆಯೊಳಗೆ, ಶಾಂತ ಹೊತ್ತಿನಲ್ಲಿ, ಒಂದು ತಾಸು, ಆಮೇಲೆ ಎರಡು ತಾಸು. ಅಪ್ಪ ಮಷಿನ್ ಹಾಕಿಕೊಂಡು ಮೊದಲ ದಿನವೇ ಬಸ್ ಸ್ಟ್ಯಾಂಡಿಗೆ ಹೋದ. ಹಾರ್ನು, ಕೂಗಾಟ, ಗಾಳಿ ಎಲ್ಲಾ ಒಟ್ಟಿಗೆ ನುಗ್ಗಿ ತಲೆ ಹಿಡಿದುಕೊಂಡು ಬಂದ. ಕಿವಿಯ ನಷ್ಟದ ನಕ್ಷೆ ನೋಡಿ ಮಷಿನ್ ಹೊಂದಿಸಬೇಕು, ತಿಂಗಳು ಬಿಟ್ಟು ಮತ್ತೆ ಕರೆದು ಸರಿಮಾಡಬೇಕು. ಹೊಂದಿಸದ ಮಷಿನ್ ಕೊಟ್ಟು ಹಾಕಿಕೊಳ್ಳಲಿಲ್ಲ ಎನ್ನುವುದು, ಅಳತೆ ತೆಗೆಯದೆ ಅಂಗಿ ಹೊಲಿದು ಮೈಯನ್ನು ಬೈದ ಹಾಗೆ.

ನಮ್ಮ ಸೀಮೆಯ ಬಿಸಿಲು, ಬೆವರು, ದೂಳು, ತೌಡು ಇವು ಮಷಿನ್ನಿನ ಶತ್ರುಗಳು. ಅದನ್ನು ಉಳಿಸಿಕೊಳ್ಳಲು ದೊಡ್ಡ ವಿದ್ಯೆ ಬೇಕಿಲ್ಲ. ಅಪ್ಪನ ಮಷಿನ್ನಿನ ಟ್ಯೂಬು ಹಳದಿಯಾಗಿ ಬಿರುಸಾದಾಗ ಅದನ್ನು ಬದಲಿಸಲು ಹುಬ್ಬಳ್ಳಿಗೆ ಹೋಗಿ ಬಂದೆವು. ಒಂದು ಗೇಣು ಟ್ಯೂಬಿಗೆ ಇಬ್ಬರ ಬಸ್ ಚಾರ್ಜು, ಒಂದು ದಿನ. ಅಲ್ಲಿ ಕೂತಿದ್ದ ಆಡಿಯಾಲಜಿಸ್ಟ್ ಹುಡುಗಿ ಹೇಳಿಕೊಟ್ಟದ್ದು ಇಷ್ಟು: ರಾತ್ರಿ ಸೆಲ್ಲಿನ ಬಾಗಿಲು ತೆರೆದಿಡಿ. ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಜೊತೆ ಮಲಗಿಸಿ. ಸ್ನಾನಕ್ಕೆ, ತಲೆಗೆ ಎಣ್ಣೆ ಹಚ್ಚುವುದಕ್ಕೆ ಮೊದಲು ತೆಗೆಯಿರಿ. ಅಚ್ಚನ್ನು ಮಾತ್ರ ಬಿಡಿಸಿ ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಿ. ಮಷಿನ್ನಿಗೆ ನೀರು ಮುಟ್ಟಿಸಬೇಡಿ, ಒಣಬಟ್ಟೆಯಲ್ಲಿ ಒರೆಸಿ. ಬಿಸಿಲಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಸೆಲ್ ಇದೆಯೋ ಇಲ್ಲವೋ ತಿಳಿಯಬೇಕಾದರೆ ಮಷಿನನ್ನು ಮುಷ್ಟಿಯಲ್ಲಿ ಹಿಡಿಯಿರಿ, ಕುಂಯ್ ಎಂದರೆ ಜೀವ ಇದೆ. ಸೆಲ್ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಕ್ಕೆ ಸಂಚಕಾರ. ಕಿವಿಗೆ ಕಡ್ಡಿ, ಪಿನ್ನು, ಹತ್ತಿಸುತ್ತಿದ ಕಡ್ಡಿ ಯಾವುದೂ ಬೇಡ. ಗುಗ್ಗೆ ತಾನಾಗಿ ಹೊರಬರುತ್ತದೆ, ಬಾರದಿದ್ದರೆ ಡಾಕ್ಟರರ ಹತ್ತಿರ ಹೋಗಿ. ಮಕ್ಕಳ ಕಿವಿ ಸೋರಿದರೆ ಅದೇ ವಾರ ತೋರಿಸಿ.

ಒಂದು ಹಾಳೆಯಲ್ಲಿ ಹಿಡಿಯುವ ವಿಷಯ. ಇದನ್ನು ತಿಳಿಯಲು ನಾವು ಜಿಲ್ಲೆ ದಾಟಬೇಕಾಯಿತು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲೇ ಶುರುವಾಗಿದೆ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ವಿದ್ಯೆ ನಾಡಿನಲ್ಲಿದೆ, ಅಜ್ಜಿಯ ಪಡಸಾಲೆಗೆ ಬಂದಿಲ್ಲ.

ಹಾಗಾಗಿ ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ಗೊತ್ತಾದ ದಿನ ಕಿವಿ ಮಷಿನ್ನಿನ ದಿನವಾಗಲಿ. ಸಂತೆಯ ದಿನವೇ ಆದರೆ ಹಳ್ಳಿಯವರಿಗೆ ಬರಲು ಅನುಕೂಲ. ಅಂದು ಸೆಲ್, ಟ್ಯೂಬು, ಅಚ್ಚಿನ ಅಳತೆ, ಹೊಂದಾಣಿಕೆ ಸಿಗಲಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಕೈಗೆ ಸೆಲ್ಲುಗಳು, ಒಣಗಿಸುವ ಡಬ್ಬಿ, ಟ್ಯೂಬು ಇರುವ ಒಂದು ಚೀಲ ಕೊಟ್ಟು ಎರಡು ದಿನ ತರಬೇತಿ ಕೊಡಿ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆ ತೆಗೆದಿಡಬೇಕಾದ ಶೇ 5ರ ಅನುದಾನದಲ್ಲಿ ಸೆಲ್ ಕೊಳ್ಳಲಿ. ಗಿರಣಿ, ಕ್ವಾರಿ, ಕಬ್ಬಿಣದ ಕಾರ್ಖಾನೆಯ ಪ್ರತಿ ಕಾರ್ಮಿಕರ ಕಿವಿಯನ್ನು ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ಪರೀಕ್ಷಿಸಿ, ಆ ಕಾಗದದ ಒಂದು ಪ್ರತಿ ಅವರ ಕೈಗೇ ಕೊಡಲಿ. ಕಾಯ್ದೆಯ 60ರ ಗೆರೆಯನ್ನು ಇಳಿಸುವ ಮಾತನ್ನು ನಮ್ಮ ಸಂಸದರು ಸಂಸತ್ತಿನಲ್ಲಿ ಎತ್ತಲಿ. ಗವಿಮಠದ ಜಾತ್ರೆಯಲ್ಲಿ ರಕ್ತದಾನ, ನೀರು, ಅಂಗಾಂಗ ದಾನದ ಜಾಗೃತಿ ನಡಿಗೆಗಳಾಗಿವೆ. ಒಂದು ವರ್ಷ ಕಿವಿಗಾಗಿ ನಡೆಯಲಿ. ಲಕ್ಷಾಂತರ ಜನ ಸೇರುವಲ್ಲಿ ಒಂದು ಮಾತು ಆಡಿದರೆ ನನ್ನಂಥವಳ ಹತ್ತು ಲೇಖನಕ್ಕೆ ಸಮ.

ಶಿಬಿರ ಮಾಡುವವರಿಗೂ ಒಂದು ವಿನಂತಿ. ಮಾಡಿ, ಬೇಡ ಎನ್ನುವುದಿಲ್ಲ. ನೂರು ಜನಕ್ಕೆ ಕೊಡುವ ದುಡ್ಡಿದ್ದರೆ ಐವತ್ತು ಜನಕ್ಕೆ ಕೊಡಿ, ಉಳಿದದ್ದರಲ್ಲಿ ಆ ಐವತ್ತು ಜನಕ್ಕೆ ಎರಡು ವರ್ಷದ ಸೆಲ್ ತೆಗೆದಿಡಿ. ಬ್ಯಾನರಿನ ಮೇಲೆ ನಿಮ್ಮ ಫೋಟೊದ ಕೆಳಗೆ ಒಂದು ಫೋನ್ ನಂಬರು ಹಾಕಿ, ಮಷಿನ್ ಕೆಟ್ಟಾಗ ಅದನ್ನು ಎತ್ತಿ.

ಅಪ್ಪನಿಗೆ ಈಗ ನಾನು ಹುಬ್ಬಳ್ಳಿಯಿಂದ ಸೆಲ್ ತರಿಸುತ್ತೇನೆ. ನನ್ನ ಶಿಷ್ಯವೇತನ ಬಂದ ತಿಂಗಳು ಅಪ್ಪನಿಗೆ ಕೇಳುತ್ತದೆ, ಬಾರದ ತಿಂಗಳು ಡಬ್ಬಿ ಮತ್ತೆ ಜಗಲಿ ಏರ
ುತ್ತದೆ. ಮೊನ್ನೆ ಫೋನಿನಲ್ಲಿ, "ಈ ಸಲ ಪಗಾರ ಆತೇನವ್ವಾ?" ಎಂದು ಕೇಳಿದ. ಅವನು ಕೇಳಿದ್ದು ನನ್ನ ಪಗಾರದ ಬಗ್ಗೆ ಅಲ್ಲ ಎಂದು ನನಗೆ ಗೊತ್ತು. ಯಲಬುರ್ಗಾದ ಅಜ್ಜಿಗೆ ಪಿಎಚ್.ಡಿ. ಓದುವ ಮಗಳಿಲ್ಲ.